ಮಂಡೂಕನು ತಂದ ಪುಷ್ಪ



ಭಗವಾನ್ ಮಹಾವೀರ ಸ್ವಾಮಿಯ ಸಮವಸರಣವು ರಾಜಗೃಹದ ವಿಪುಲಗಿರಿಗೆ ಬಂದಿರುವ ವಾರ್ತೆಯನ್ನು ಕೇಳಿ, ಮಗಧದ ಅರಸನಾದ ಶ್ರೇಣಿಕನು ಆನೆಯನ್ನೇರಿ ಪರಿವಾರಸಮೇತನಾಗಿ ವಂದನೆಗೆ ಹೊರಟನು. ಅದೇ ದಾರಿಯಲ್ಲಿ, ಅದೇ ಉದ್ದೇಶದಿಂದ, ಒಂದು ಕಪ್ಪೆಯೂ ಹೊರಟಿತ್ತು. ತಾನು ವಾಸವಾಗಿದ್ದ ಬಾವಿಯ ಕಮಲದ ಎಸಳೊಂದನ್ನು ಬಾಯಲ್ಲಿ ಹಿಡಿದು ಅದು ಕುಪ್ಪಳಿಸುತ್ತ ಸಾಗುತ್ತಿರುವಾಗ ಅರಸನ ಆನೆಯ ಕಾಲಿಗೆ ಸಿಲುಕಿ ಪ್ರಾಣಬಿಟ್ಟಿತು. ಜಿನಪೂಜೆಯ ಭಾವದಲ್ಲಿಯೇ ಮರಣ ಹೊಂದಿದುದರಿಂದ ದೇವಗತಿಯನ್ನು ಪಡೆಯಿತು. ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಪೂಜೆಯ ಮಹಿಮೆಗೆ ದೃಷ್ಟಾಂತವಾಗಿ ಹೆಸರಿಸಿದ್ದು ಈ ಕಪ್ಪೆಯನ್ನೇ. ಗಜಾರೂಢನಾಗಿ ಬಂದ ಅರಸನ ಕಾಣಿಕೆಗಳ ಪಟ್ಟಿಯನ್ನು ಅವರು ಕೊಡಲಿಲ್ಲ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಭಕ್ತಿಯ ಹಿರಿಮೆಯನ್ನು ಹೇಳಿ ನಿಲ್ಲಿಸುತ್ತಾರೆ. ಆದರೆ ಇದರಲ್ಲಿ ತೋಟಗಾರನೊಬ್ಬನ ಕಣ್ಣಿಗೆ ಮಾತ್ರ ಬೀಳುವ ಒಂದು ಸಂಗತಿಯೂ ಇದೆ. ಹೂವು ಅರಳಿದ ನೀರಿನಲ್ಲಿಯೇ ಕಪ್ಪೆಯೂ ಬದುಕಿತ್ತು. ಪೂಜೆಗೆ ಸಂದ ಹೂವಿಗಾಗಿ ಆ ನೀರಿನಲ್ಲಿ ಯಾವ ಜೀವಿಯೂ ಸಾಯಬೇಕಾಗಿರಲಿಲ್ಲ. ಇಂದು ಪರ್ವದ ದಿನ ಮಂದಿರಕ್ಕೆ ಬುಟ್ಟಿಗಟ್ಟಲೆ ಬರುವ ಸೇವಂತಿಗೆ, ಮಲ್ಲಿಗೆ, ಚೆಂಡುಹೂಗಳು ಬೆಳೆದ ಹೊಲದ ಬದುವಿನಲ್ಲಿ ಒಂದು ಕಪ್ಪೆ ಜೀವಂತವಾಗಿ ಇದ್ದೀತೆ? ಶ್ರಾವಕ ಕುಟುಂಬಗಳು ಹೂವಿನ ಬೆಲೆಯನ್ನು ಕೇಳುತ್ತವೆ, ತಾಜಾತನವನ್ನು ನೋಡುತ್ತವೆ. ಈ ಪ್ರಶ್ನೆಯನ್ನು ಮಾತ್ರ ಕೇಳುವುದು ಅಪರೂಪ.

ಹೂವಿನ ವಿಷಯದಲ್ಲಿ ಜೈನರೆಲ್ಲರ ಆಚರಣೆ ಒಂದೇ ಅಲ್ಲವೆಂಬುದು ತಿಳಿದ ವಿಷಯ. ದಿಗಂಬರರಲ್ಲಿ ಬೀಸಪಂಥದವರು ಅಷ್ಟವಿಧಾರ್ಚನೆಯಲ್ಲಿ ಹೂವನ್ನು ಅರ್ಪಿಸುತ್ತಾರೆ. ತೇರಾಪಂಥದವರು ಅದರ ಬದಲಾಗಿ ಕೇಸರಿ ಬಣ್ಣ ಕೊಟ್ಟ ಅಕ್ಕಿಯನ್ನು ಅರ್ಪಿಸುತ್ತಾರೆ. ಶ್ವೇತಾಂಬರ ಮೂರ್ತಿಪೂಜಕರ ಅಷ್ಟಪ್ರಕಾರಿ ಪೂಜೆಯಲ್ಲಿ ಪುಷ್ಪವು ಅಂಗಪೂಜೆಗೆ ಸೇರಿದುದು. ಸ್ಥಾನಕವಾಸಿಗಳಲ್ಲಿ ಮೂರ್ತಿಪೂಜೆಯೇ ಇಲ್ಲ. ಈ ಭೇದಗಳ ಚರ್ಚೆ ಇಲ್ಲಿ ಅಪ್ರಸ್ತುತ. ಹೂವನ್ನು ಬಿಟ್ಟವರು ಹಿಂಸೆಯ ಭಯದಿಂದಲೇ ಬಿಟ್ಟರು, ಹೂವನ್ನು ಉಳಿಸಿಕೊಂಡವರು ಯತ್ನಾಚಾರದ ಕಟ್ಟಳೆಯೊಡನೆ ಉಳಿಸಿಕೊಂಡರು ಎಂಬಷ್ಟು ನೆನಪಿದ್ದರೆ ಸಾಕು. ತಾನಾಗಿ ಉದುರಿದ ಹೂವು ಶ್ರೇಷ್ಠ, ಹೂವನ್ನು ಸೂಜಿಯಿಂದ ಚುಚ್ಚಬಾರದು, ಎಸಳನ್ನು ಹರಿಯಬಾರದು, ಹುಳು ಇದೆಯೇ ಎಂದು ನೋಡದೆ ಮುಟ್ಟಬಾರದು ಎಂಬ ಹಿರಿಯರ ಮಾತುಗಳು ಆ ಕಟ್ಟಳೆಯ ಭಾಗಗಳು. ಹಿರಿಯರ ಕಾಲದಲ್ಲಿ ಕಟ್ಟಳೆ ಹೂಬುಟ್ಟಿಯಿಂದ ಪ್ರಾರಂಭವಾದರೆ ಸಾಕಾಗಿತ್ತು, ಏಕೆಂದರೆ ಹೂಗಿಡ ಮನೆಯ ಹಿತ್ತಲಿನಲ್ಲಿಯೋ ಬಸದಿಯ ಅಂಗಳದಲ್ಲಿಯೋ ಇತ್ತು. ಈಗ ಹೂವು ಮಾರುಕಟ್ಟೆಯಿಂದ ಬರುತ್ತದೆ. ಆದುದರಿಂದ ಕಟ್ಟಳೆಯೂ ಹೊಲದವರೆಗೆ ಹೋಗಬೇಕಾಗಿದೆ.

ಬೇಸಾಯದಲ್ಲಿ ಹಿಂಸೆಯಿಲ್ಲವೇ ಎಂದು ಕೇಳಿದರೆ, ಇದೆ. ಅದನ್ನು ಮರೆಮಾಚಬೇಕಾಗಿಲ್ಲ. ಭೂಮಿಯನ್ನು ಅಗೆಯುವ, ಒಡೆಯುವ ಸ್ಫೋಟಕರ್ಮವನ್ನು ಶಾಸ್ತ್ರಕಾರರು ಹದಿನೈದು ಕರ್ಮಾದಾನಗಳಲ್ಲಿ ಎಣಿಸಿದ್ದಾರೆ. ಆದರೂ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ವೃತ್ತಿಗಳನ್ನು ಲೋಕಕ್ಕೆ ಕಲಿಸಿದವನು ಆದಿತೀರ್ಥಂಕರನಾದ ಋಷಭದೇವನೇ ಎಂದು ಜಿನಸೇನಾಚಾರ್ಯರ ಆದಿಪುರಾಣವು ಹೇಳುತ್ತದೆ. ಈ ಎರಡು ಮಾತುಗಳ ನಡುವೆ ಗೃಹಸ್ಥನು ನಿಂತಿದ್ದಾನೆ. ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ಮೊದಲ ಮೂರನ್ನು ಗೃಹಸ್ಥನು ಶಕ್ತ್ಯನುಸಾರ ಕಡಿಮೆ ಮಾಡಬೇಕು, ಕೊಲ್ಲಬೇಕೆಂಬ ಸಂಕಲ್ಪದಿಂದಲೇ ಮಾಡುವ ನಾಲ್ಕನೆಯದನ್ನು ಸಂಪೂರ್ಣವಾಗಿ ತ್ಯಜಿಸಬೇಕು ಎಂದು ಆಚಾರ್ಯರು ವಿಧಿಸಿದ್ದು ಇವನಿಗಾಗಿಯೇ.

ಅನಂತಪುರದ ಸೀಮೆಯವರಿಗೆ ಈ ವಿಚಾರವು ಪರವೂರಿನದಲ್ಲ. ಗುಂತಕಲ್ಲಿನ ಸಮೀಪದ ಕೊನಕೊಂಡ್ಲವೇ ಕುಂದಕುಂದಾಚಾರ್ಯರ ಹೆಸರಿಗೆ ಮೂಲವಾದ ಕೊಂಡಕುಂದೆಯೆಂದು ವಿದ್ವಾಂಸರಾದ ಪಿ.ಬಿ. ದೇಸಾಯಿಯವರು ಶಾಸನಾಧಾರದಿಂದ ಪ್ರತಿಪಾದಿಸಿದ್ದಾರೆ. ಅಲ್ಲಿನ ಬಂಡೆಗಳ ಮೇಲೆ ಇಂದಿಗೂ ಜಿನಬಿಂಬಗಳಿವೆ. ಹಿಂಸೆಯ ನಿರ್ಣಯಕ್ಕೆ ಜೀವಿ ಸತ್ತಿತೇ ಬದುಕಿತೇ ಎಂಬುದಕ್ಕಿಂತ ಮಾಡುವವನಲ್ಲಿ ಎಚ್ಚರವಿತ್ತೇ ಇಲ್ಲವೇ ಎಂಬುದು ಮುಖ್ಯವೆಂದು ಪ್ರವಚನಸಾರದಲ್ಲಿ ನಿರೂಪಿಸಿದವರು ಆ ಆಚಾರ್ಯರು. ಎಚ್ಚರಗೆಟ್ಟವನಿಗೆ ಜೀವಿ ಸಾಯದಿದ್ದರೂ ದೋಷವುಂಟು. ಎಚ್ಚರದಿಂದ ನಡೆಯುವವನಿಗೆ ಪ್ರಾಣಹಾನಿ ಮಾತ್ರದಿಂದ ಬಂಧವಿಲ್ಲ. ನೇಗಿಲಿನ ಕುಳಕ್ಕೆ ಸಿಕ್ಕ ಎರೆಹುಳುವಿಗೂ, ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಸಾಲುಸಾಲಾಗಿ ಸಿಂಪಡಿಸಿದ ವಿಷಕ್ಕೆ ಸತ್ತ ಹುಳುವಿಗೂ ಇರುವ ವ್ಯತ್ಯಾಸ ಇಲ್ಲಿ ತಿಳಿಯುತ್ತದೆ. ಮೊದಲನೆಯದು ಉದ್ಯೋಗೀ ಹಿಂಸೆ. ಎರಡನೆಯದರಲ್ಲಿ ಡಬ್ಬಿಯನ್ನು ಕೊಳ್ಳುವಾಗಲೇ ಕೊಲ್ಲುವ ಸಂಕಲ್ಪವಿದೆ. ಬೆಳೆಯ ರಕ್ಷಣೆಗಾಗಿ ಮಾಡಿದ್ದರಿಂದ ಅದು ವಿರೋಧೀ ಹಿಂಸೆಯೇ ಆಗುತ್ತದೆಂದು ವಾದಿಸುವವರಿದ್ದಾರೆ. ವಾದವನ್ನು ತಳ್ಳಿಹಾಕಲಾಗದು. ಆದರೆ ಮೈಮೇಲೆ ಬಿದ್ದ ಶತ್ರುವನ್ನು ಎದುರಿಸುವುದಕ್ಕೂ, ಎದುರಾಳಿ ಬರುವ ಮೊದಲೇ ವಾರಕ್ಕೊಮ್ಮೆ ಲೆಕ್ಕ ಹಾಕಿ ವಿಷ ಹೊಡೆದು, ಬಂದ ಹುಳುವಿನೊಡನೆ ಜೇನುನೊಣ, ಗುಲಗಂಜಿ ಹುಳು, ಕಪ್ಪೆಗಳನ್ನೂ ಕೊಲ್ಲುವುದಕ್ಕೂ ಒಂದೇ ಹೆಸರು ಒಪ್ಪುವುದು ಕಷ್ಟ.

ಹಿಂದೂಪುರ ಮತ್ತು ಕಲ್ಯಾಣದುರ್ಗಗಳ ನೆಲ ಹೂವಿಗೆ ಸುಲಭವಾಗಿ ಒಲಿಯುವಂಥದಲ್ಲ. ಹಿಂದೂಪುರವು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ಕಲ್ಯಾಣದುರ್ಗವು ಅನಂತಪುರ ಜಿಲ್ಲೆಯಲ್ಲಿಯೇ ಉಳಿದಿದೆ. ಆದರೆ ಮಳೆಗೆ ಜಿಲ್ಲೆಯ ಗಡಿ ತಿಳಿಯದು. ಹಳೆಯ ಅನಂತಪುರ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 550 ಮಿಲಿಮೀಟರ್; ದೇಶದಲ್ಲಿ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳ ಸಾಲಿನಲ್ಲಿ ಅದರ ಹೆಸರಿದೆ. ಕೆಂಪು ಮರಳುಮಿಶ್ರಿತ ಮಣ್ಣು, ನೆಚ್ಚಿಕೆಯ ಬೆಳೆ ಕಡಲೆಕಾಯಿ, ಬತ್ತಿದ ಕೆರೆಗಳು, ವರ್ಷದಿಂದ ವರ್ಷಕ್ಕೆ ಆಳಕ್ಕಿಳಿಯುವ ಕೊಳವೆಬಾವಿಗಳು. ಪಿನಾಕಿನಿಯ ದಡದ ಹಿಂದೂಪುರಕ್ಕೆ ಬೆಂಗಳೂರಿನ ಮಾರುಕಟ್ಟೆ ಸಮೀಪವಿರುವುದರಿಂದ ಕೊಳವೆಬಾವಿಯಲ್ಲಿ ಅಷ್ಟಿಷ್ಟು ನೀರಿರುವ ಸಣ್ಣ ರೈತನು ಅರ್ಧ ಎಕರೆಯಲ್ಲೋ ಒಂದು ಎಕರೆಯಲ್ಲೋ ಹೂವಿಗೆ ಕೈಹಾಕುತ್ತಾನೆ. ಕಲ್ಯಾಣದುರ್ಗದ ಕಡೆ ಬಯಲು ಇನ್ನೂ ಒರಟು, ನೀರು ಇನ್ನೂ ದುರ್ಲಭ. ಕನ್ನಡದ ಸೇವಂತಿಗೆ ಅಲ್ಲಿ ತೆಲುಗಿನ ಚಾಮಂತಿಯಾಗುತ್ತದೆ. ಚೆಂಡುಹೂವು ಬಂತಿಯಾಗಿ, ಮಾರವಾಡಿ ಮನೆಯ ಬಾಗಿಲಿಗೆ ಬರುವಾಗ ಗೇಂದಾ ಆಗುತ್ತದೆ. ಹೆಸರು ಯಾವುದಾದರೂ ಗಿಡಕ್ಕೆ ಬೇಕಾದುದು ಅಷ್ಟೇ ನೀರು.

ನೀರಿನ ಹನಿಯಲ್ಲಿ ಅಪ್ಕಾಯಿಕ ಜೀವಗಳನ್ನು ಕಾಣುವ ಧರ್ಮವು ಈ ನೆಲಕ್ಕೆ ಹೇಳುವ ಮೊದಲ ಮಾತು ಮಿತವ್ಯಯ. ಕಾಲುವೆಯಲ್ಲಿ ನೀರು ಬಿಟ್ಟು ಮಡಿಯನ್ನೆಲ್ಲ ತೋಯಿಸುವ ಬದಲು ಹನಿ ನೀರಾವರಿಯಿಂದ ಬುಡಕ್ಕಷ್ಟೇ ಕೊಡುವುದು, ಗಿಡದ ಸುತ್ತ ಒಣಹುಲ್ಲು, ತರಗೆಲೆ, ಕಡಲೆಕಾಯಿ ಸಿಪ್ಪೆಗಳ ಹೊದಿಕೆ ಹಾಸಿ ತೇವವನ್ನು ಉಳಿಸುವುದು ಈಗ ಅನೇಕರು ಬಲ್ಲ ಕ್ರಮ. ಹೊದಿಕೆಯಿಂದ ಕಳೆ ಕಡಿಮೆಯಾಗುತ್ತದೆ. ಕಳೆ ಕಡಿಮೆಯಾದರೆ ಗುದ್ದಲಿಯ ಏಟೂ ಕಡಿಮೆಯಾಗುತ್ತದೆ, ಅಂದರೆ ಸ್ಫೋಟಕರ್ಮವೂ ಅಷ್ಟಕ್ಕಷ್ಟೇ ತಗ್ಗುತ್ತದೆ. ಬೆಳೆ ಮುಗಿದ ಮೇಲೆ ಉಳಿದ ಕಡ್ಡಿಗೆ ಬೆಂಕಿಯಿಡುವ ರೂಢಿಯನ್ನೂ ಹೊದಿಕೆ ತಪ್ಪಿಸುತ್ತದೆ. ಬೆಂಕಿ ಹಚ್ಚುವ ದಾವಾಗ್ನಿಕರ್ಮ, ಕೆರೆಕುಂಟೆಗಳನ್ನು ಒಣಗಿಸುವ ಕರ್ಮ, ವಿಷವಾಣಿಜ್ಯ, ಈ ಮೂರೂ ಆ ಹದಿನೈದರ ಪಟ್ಟಿಯಲ್ಲಿಯೇ ಇವೆ. ಅವುಗಳನ್ನು ಬರೆದಿಟ್ಟವರು ಕೀಟನಾಶಕದ ಅಂಗಡಿಯನ್ನೂ ಕೊಳವೆಬಾವಿಯನ್ನೂ ಕಂಡವರಲ್ಲ. ಆದರೂ ಪಟ್ಟಿಯು ಇಂದಿನ ಹೊಲವನ್ನು ಕಂಡು ಬರೆದಂತೆಯೇ ಇದೆ.

ಮಣ್ಣಿನ ಪೋಷಣೆಯಲ್ಲಿ ಆಂಧ್ರಪ್ರದೇಶವು ದೊಡ್ಡ ಪ್ರಯೋಗವನ್ನೇ ನಡೆಸಿದೆ. ರೈತು ಸಾಧಿಕಾರ ಸಂಸ್ಥೆಯ ಮೂಲಕ 2016ರಲ್ಲಿ ಪ್ರಾರಂಭವಾದ ನೈಸರ್ಗಿಕ ಕೃಷಿಯ ಕಾರ್ಯಕ್ರಮವು ಜೀವಾಮೃತವನ್ನು ಹಳ್ಳಿಹಳ್ಳಿಗೆ ಪರಿಚಯಿಸಿತು. ಇನ್ನೂರು ಲೀಟರ್ ನೀರಿಗೆ ಹತ್ತು ಕಿಲೋ ಸಗಣಿ, ಐದರಿಂದ ಹತ್ತು ಲೀಟರ್ ಗೋಮೂತ್ರ, ಎರಡು ಕಿಲೋ ಬೆಲ್ಲ, ಎರಡು ಕಿಲೋ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು ಸೇರಿಸಿ, ನೆರಳಿನಲ್ಲಿ ಎರಡು ದಿನ ಇಟ್ಟು, ದಿನವೂ ಕದಡಿ, ಒಂದು ಎಕರೆಗೆ ಉಣಿಸುವುದು ಅದರ ವಿಧಾನ. ಮುಂಗಾರಿಗೆ ಮೊದಲೇ ನಾನಾ ಧಾನ್ಯಗಳ ಬೀಜಗಳನ್ನು ಮಣ್ಣು ಲೇಪಿಸಿ ಒಣನೆಲದಲ್ಲಿ ಬಿತ್ತಿ, ನೆಲವನ್ನು ವರ್ಷವಿಡೀ ಹಸುರಾಗಿಡುವ ಪದ್ಧತಿಯೂ ಅಲ್ಲಿದೆ. ಇಲ್ಲಿ ಸೂಕ್ಷ್ಮದೃಷ್ಟಿಯ ಶ್ರಾವಕನೊಬ್ಬನು ತಡೆದು ಕೇಳಬಹುದು: ಹುಳಿಬರಿಸಿದ ದ್ರವದಲ್ಲಿ ಅಸಂಖ್ಯ ಜೀವೋತ್ಪತ್ತಿಯಾಗುವುದಿಲ್ಲವೇ? ಆಗುತ್ತದೆ. ಇದಕ್ಕೆ ಸುಲಭವಾದ ಸಮಾಧಾನವಿಲ್ಲ. ಆ ಜೀವಗಳನ್ನು ಕೊಲ್ಲಲೆಂದು ಹುಟ್ಟಿಸುವುದಿಲ್ಲ, ಅವು ಮಣ್ಣನ್ನು ಸೇರಿ ಬದುಕಲೆಂದೇ ಅದನ್ನು ಮಾಡುವುದು ಎಂದು ಕೆಲವರು ಹೇಳುತ್ತಾರೆ. ಮನಸ್ಸು ಒಪ್ಪದವರು ಸೆಣಬು, ಹುರುಳಿಗಳನ್ನು ಹಸುರೆಲೆ ಗೊಬ್ಬರವಾಗಿ ಬೆಳೆದು ಹಳೆಯ ಕೊಟ್ಟಿಗೆ ಗೊಬ್ಬರದಲ್ಲಿಯೇ ತೃಪ್ತರಾಗಬಹುದು. ಹೂವು ಸ್ವಲ್ಪ ಕಡಿಮೆ ಬಂದೀತು. ಹೀಗೆ ತಡೆದು ಕೇಳುವ ಅಭ್ಯಾಸ ಇದ್ದರೆ ಸಾಕು, ಅದೇ ಯತ್ನಾಚಾರ.

ಹುಳುಗಳ ವಿಷಯ ಇದಕ್ಕಿಂತ ಕಠಿನ. ಸೇವಂತಿಗೆಗೆ ಸಸ್ಯಹೇನು ಮತ್ತು ನುಸಿ, ಮಲ್ಲಿಗೆಗೆ ಮೊಗ್ಗು ಕೊರೆಯುವ ಹುಳು, ಕನಕಾಂಬರದ ಬೇರಿಗೆ ಜಂತುಹುಳು, ಹೀಗೆ ಹೂವಿಗೊಂದು ಬಾಧೆ. ವಿಷವನ್ನು ಬಿಟ್ಟ ರೈತನು ಮೊದಲು ಮಾಡಬೇಕಾದುದು ಒಂದೇ ಹೂವನ್ನು ಹೊಲತುಂಬ ಹಾಕುವ ಆಸೆಯನ್ನು ಬಿಡುವುದು. ಅಂಚಿಗೆ ಎರಡು ಸಾಲು ಜೋಳ, ನಡುನಡುವೆ ಅಲಸಂದೆ, ತುಳಸಿ, ಸಬ್ಬಸಿಗೆ ಇದ್ದರೆ ಹೇನನ್ನು ತಿನ್ನುವ ಗುಲಗಂಜಿ ಹುಳುಗಳು ತಾವಾಗಿ ಬಂದು ನೆಲೆಸುತ್ತವೆ. ಜೀವಿಗಳು ಪರಸ್ಪರ ಉಪಕಾರಿಗಳೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹೇಳಿದ ಮಾತಿಗೆ ಇದು ಅಷ್ಟು ಸೌಮ್ಯವಾದ ಉದಾಹರಣೆಯಲ್ಲವೆಂಬುದು ನಿಜ, ಆದರೆ ಇಲ್ಲಿ ಕೊಲ್ಲುವ ಸಂಕಲ್ಪ ಮನುಷ್ಯನದಲ್ಲ. ಚೆಂಡುಹೂವಿನ ಬೇರು ಮಣ್ಣಿನಲ್ಲಿ ಜಂತುಹುಳುಗಳ ಬಾಧೆಯನ್ನು ತಗ್ಗಿಸುತ್ತದೆ. ಆದುದರಿಂದ ಒಂದು ವರ್ಷ ಚೆಂಡುಹೂ ಬೆಳೆದ ಮಡಿಯಲ್ಲಿ ಮರುವರ್ಷ ಕನಕಾಂಬರ ನೆಡುವುದು ಜಾಣತನ. ಟೊಮ್ಯಾಟೊ ಹೊಲದಲ್ಲಿ ಹದಿನಾರು ಸಾಲಿಗೊಂದು ಸಾಲು ಚೆಂಡುಹೂ ಹಾಕಿದರೆ ಕಾಯಿಕೊರಕದ ಚಿಟ್ಟೆ ಹೂವಿಗೆ ಮೊಟ್ಟೆಯಿಡುತ್ತದೆಂದು ಕೃಷಿವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಆದರೆ ಹಾಗೆ ಆಕರ್ಷಿಸಿ ಅಲ್ಲಿ ವಿಷ ಸಿಂಪಡಿಸುವುದಾದರೆ ಶ್ರಾವಕನಿಗೆ ಅದರಿಂದ ಏನೂ ಲಾಭವಿಲ್ಲ. ಆ ಸಾಲನ್ನು ಹುಳುವಿನ ಪಾಲೆಂದು ಬಿಟ್ಟರೆ ಮಾತ್ರ ಅದು ದಾನ. ಬೇವಿನ ಬೀಜದ ಕಷಾಯವೂ ಸಂಪೂರ್ಣ ನಿರ್ದೋಷವೆಂದು ಹೇಳುವಂತಿಲ್ಲ. ಅದು ಹುಳುವಿಗೆ ಎಲೆಯನ್ನು ಅರುಚಿ ಮಾಡುವುದರ ಜೊತೆಗೆ ಎಳೆಯ ಹುಳುವಿನ ಬೆಳವಣಿಗೆಯನ್ನೂ ಕೆಡಿಸುತ್ತದೆ. ಘೋರ ವಿಷಗಳಿಗಿಂತ ಅದು ಎಷ್ಟೋ ಮೇಲು, ಅಷ್ಟೇ.

ಜೇನನ್ನು ಮದ್ಯ ಮಾಂಸಗಳೊಡನೆ ತ್ಯಜಿಸಿದ ಸಮಾಜವು ಜೇನುನೊಣದ ಬಗ್ಗೆ ಹೆಚ್ಚು ಯೋಚಿಸಿಲ್ಲವೆಂಬುದು ವಿಚಿತ್ರ. ಜೇನು ತಿನ್ನದಿರುವುದರಿಂದ ಗೂಡು ಉಳಿಯಿತು. ಆದರೆ ಗೂಡಿನ ನೊಣ ಯಾವ ಹೂವಿನ ಮೇಲೆ ಕುಳಿತು ಸತ್ತಿತು ಎಂದು ಯಾರೂ ಕೇಳಲಿಲ್ಲ.

ವಿಷವು ಹುಳುವಿನೊಡನೆಯೇ ನಿಲ್ಲುವುದೂ ಇಲ್ಲ. ಕಾಸರಗೋಡಿನ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಆಕಾಶದಿಂದ ಸುರಿದ ಎಂಡೋಸಲ್ಫಾನ್ ಅಲ್ಲಿನ ಹಳ್ಳಿಗಳ ಮಕ್ಕಳಿಗೆ ಏನು ಮಾಡಿತೆಂಬುದನ್ನು ಕನ್ನಡಿಗರು ಬಲ್ಲರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ನಿಷೇಧಿಸಿತು. ಹೂವು ತಿನ್ನುವ ವಸ್ತುವಲ್ಲವಾದುದರಿಂದ ಅದರ ಮೇಲಿನ ವಿಷದ ಚಿಂತೆ ಯಾರಿಗೂ ಇಲ್ಲ. ಆದರೆ ಬಿಡಿಸುವ ಹೆಂಗಸಿನ ಬೆರಳುಗಳಿವೆ. ಮನೆಯ ಜಗುಲಿಯಲ್ಲಿ ಮೊಳಗಟ್ಟಲೆ ಮಲ್ಲಿಗೆ ಕಟ್ಟುವ ತಾಯಿ ಇದ್ದಾಳೆ, ಅವಳ ಮಡಿಲಲ್ಲಿ ಮಗುವಿದೆ. ಅದೇ ಹೂವನ್ನು ಕಣ್ಣಿಗೊತ್ತಿಕೊಂಡು ಮುಡಿಯುವ ಶ್ರಾವಿಕೆ ಇದ್ದಾಳೆ.

ಪಟ್ಟಣದಲ್ಲಿ ಅಂಗಡಿ ನಡೆಸುವ ಕುಟುಂಬಗಳು ಇದನ್ನೆಲ್ಲ ಓದಿ, ಹೊಲವೇ ಇಲ್ಲದವರಿಗೆ ಈ ದೋಷವೆಲ್ಲಿಯದು ಎಂದುಕೊಳ್ಳಬಹುದು. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಾಗಿಲುಗಳಿಂದ ಕರ್ಮವು ಒಳಬರುವುದೆಂದು ಶಾಸ್ತ್ರವು ಹೇಳಿದೆ. ರೈತನು ವಿಷ ಹೊಡೆಯುವುದು ಹುಳುವಿನ ಮೇಲಿನ ದ್ವೇಷದಿಂದಲ್ಲ. ಒಂದು ಎಸಳಿನ ಮೇಲೆ ಚುಕ್ಕೆಯಿದ್ದರೂ ಮಾರುಕಟ್ಟೆಯಲ್ಲಿ ಇಡೀ ಬುಟ್ಟಿಯ ಬೆಲೆ ಇಳಿಯುತ್ತದೆ ಎಂಬ ಭಯದಿಂದ. ಆ ಚುಕ್ಕೆಯನ್ನು ಕಂಡು ಮೂಗು ಮುರಿದವರು ಕೊಳ್ಳುವವರೇ. ಚುಕ್ಕೆಯಿಲ್ಲದ ಹೂವೇ ಬೇಕೆಂಬ ಹಟ ಕಾರಿತದ ಬಾಗಿಲು. ಕೇಳದೆ ಕೊಂಡು ತಂದು ಅರ್ಪಿಸುವುದು ಅನುಮೋದನೆಯ ಬಾಗಿಲು. ಎಲೆಯ ಮೇಲೆ ಹುಳು ಕಡಿದ ಗುರುತಿರುವ ಹೂವನ್ನು ಒಂದಿಷ್ಟು ಹೆಚ್ಚು ಬೆಲೆ ಕೊಟ್ಟು ಕೊಳ್ಳುವ ಹತ್ತು ಮನೆಗಳಿದ್ದರೆ ಅರ್ಧ ಎಕರೆಯ ರೈತನೊಬ್ಬನು ವಿಷದ ಡಬ್ಬಿಯನ್ನು ಇಳಿಸಬಲ್ಲನು. ಮೊದಲ ಒಂದೆರಡು ವರ್ಷ ಅವನ ಇಳುವರಿ ತಗ್ಗಬಹುದು. ಆ ನಷ್ಟವನ್ನು ಅವನೊಬ್ಬನೇ ಹೊರಬೇಕೆಂಬುದು ನ್ಯಾಯವಲ್ಲ.

ಹಾಗೆಯೇ ಎಷ್ಟು ಹೂವು ಬೇಕು ಎಂಬ ಪ್ರಶ್ನೆ. ಉಪಾಸಕದಶಾಂಗದಲ್ಲಿ ವಾಣಿಜ್ಯಗ್ರಾಮದ ಆನಂದ ಗೃಹಪತಿಯ ವೃತ್ತಾಂತ ಬರುತ್ತದೆ. ಕೋಟಿಗಟ್ಟಲೆ ಹೊನ್ನು, ಸಾವಿರಾರು ಗೋವುಗಳಿದ್ದ ಆತನು ಭಗವಂತನೆದುರು ಅಣುವ್ರತಗಳನ್ನು ಕೈಕೊಂಡಾಗ ತನ್ನ ಹೊಲವನ್ನು ಐನೂರು ನೇಗಿಲುಗಳಿಗೆ ಮಿತಿಗೊಳಿಸಿದನು. ಹೂವನ್ನು ಅದಕ್ಕಿಂತ ಬಿಗಿಯಾಗಿ ಮಿತಿಗೊಳಿಸಿದನು: ಒಂದು ಬಿಳಿಯ ಕಮಲ ಅಥವಾ ಒಂದು ಮಾಲತಿಯ ಮಾಲೆ, ಅದರಾಚೆ ಯಾವ ಹೂವೂ ಬೇಡವೆಂದನು. ಮಂಟಪದ ಕಂಬಗಳಿಗೆಲ್ಲ ಟನ್ನುಗಟ್ಟಲೆ ಚೆಂಡುಹೂ ಸುತ್ತಿ ಮರುದಿನ ಕಸದ ಲಾರಿಗೆ ತುಂಬುವ ಇಂದಿನ ಉತ್ಸವಗಳಿಗೆ ಆನಂದನ ಈ ಲೆಕ್ಕವನ್ನು ಓದಿ ಹೇಳಬೇಕಾಗಿದೆ.

ತೋಟ ಮಾಡುವವನಿಗೂ ಒಂದು ಎಚ್ಚರಿಕೆಯಿದೆ, ಅದೂ ಕಪ್ಪೆಯ ಕಥೆಯಲ್ಲಿಯೇ. ಶ್ವೇತಾಂಬರ ಪರಂಪರೆಯ ಜ್ಞಾತಾಧರ್ಮಕಥಾ ಹೇಳುವಂತೆ, ರಾಜಗೃಹದ ನಂದ ಮಣಿಯಾರನೆಂಬ ಶ್ರಾವಕನು ಊರಹೊರಗೆ ಸುಂದರವಾದ ಪುಷ್ಕರಿಣಿಯನ್ನು ಕಟ್ಟಿಸಿ, ನಾಲ್ಕು ದಿಕ್ಕಿಗೂ ಉಪವನಗಳನ್ನು ಬೆಳೆಸಿ, ಅನ್ನಶಾಲೆ, ವೈದ್ಯಶಾಲೆಗಳನ್ನು ಇರಿಸಿದನು. ಜನರು ಹೊಗಳಿದರು. ಹೊಗಳಿಕೆ ಕೇಳಿ ಕೇಳಿ ಆತನ ಮನಸ್ಸು ಆ ಕೊಳಕ್ಕೇ ಅಂಟಿಕೊಂಡಿತು. ಸತ್ತು ಅದೇ ಕೊಳದಲ್ಲಿ ಕಪ್ಪೆಯಾಗಿ ಹುಟ್ಟಿದನು. ಮುಂದೆ ದಡದಲ್ಲಿ ನಿಂತವರ ಮಾತಿನಿಂದ ಪೂರ್ವಜನ್ಮದ ನೆನಪಾಗಿ, ಮಹಾವೀರ ಸ್ವಾಮಿಯ ದರ್ಶನಕ್ಕೆ ಹೊರಟು, ಶ್ರೇಣಿಕನ ಪರಿವಾರದ ಕುದುರೆಯ ಕಾಲಿಗೆ ಸಿಕ್ಕಿ, ಶುಭಭಾವದಿಂದ ದೇವನಾದನು. ದಿಗಂಬರರ ಕಪ್ಪೆ ಹೂವನ್ನು ಹಿಡಿದು ಬರುತ್ತದೆ, ಶ್ವೇತಾಂಬರರ ಕಪ್ಪೆ ಬರಿಗೈಯಲ್ಲಿ ಬರುತ್ತದೆ, ಎರಡೂ ರಾಜಗೃಹದವೇ. ನನ್ನ ತೋಟ, ನನ್ನ ಸೇವೆ, ನನ್ನ ವಿಷಮುಕ್ತ ಹೂವು ಎಂಬ ಅಭಿಮಾನವೂ ಒಂದು ಬಾಧೆಯೇ ಎಂಬುದನ್ನು ನಂದನಷ್ಟು ಚೆನ್ನಾಗಿ ಬಲ್ಲವರು ಬೇರೆ ಇಲ್ಲ.

ಮಂದಿರಕ್ಕೆ ತೋಟದ ನಂಟು ಈ ಸೀಮೆಯಲ್ಲಿ ಹಳೆಯದು. ಪೆನುಗೊಂಡೆಯಲ್ಲಿ ಪಚ್ಚೆ ಪಾರ್ಶ್ವನಾಥನಿದ್ದಾನೆ. ದೆಹಲಿ, ಕೊಲ್ಲಾಪುರ, ಜಿನಕಂಚಿಗಳೊಡನೆ ಪೆನುಗೊಂಡೆಯನ್ನೂ ಜೈನರ ವಿದ್ಯಾಸ್ಥಾನವೆಂದು ಎಣಿಸುತ್ತಿದ್ದರು. ಮಡಕಶಿರಾ ಸೀಮೆಯ ಅಮರಾಪುರದ ಕ್ರಿ.ಶ. 1278ರ ಶಾಸನವು, ಬಾಲೇಂದು ಮಲಧಾರಿದೇವರ ಶಿಷ್ಯನಾದ ಮಲ್ಲಿಸೆಟ್ಟಿಯು ತೈಲಂಗೆರೆಯ ಬ್ರಹ್ಮಜಿನಾಲಯದ ಪ್ರಸನ್ನ ಪಾರ್ಶ್ವದೇವನಿಗೆ ಎರಡು ಸಾವಿರ ಅಡಕೆಮರಗಳನ್ನು ದತ್ತಿಯಾಗಿ ಬಿಟ್ಟುದನ್ನು ತಿಳಿಸುತ್ತದೆ. ವ್ಯಾಪಾರಿಯಾದ ಸೆಟ್ಟಿ ಹಣವನ್ನೇ ಕೊಡಬಹುದಾಗಿತ್ತು. ಬೆಳೆಯುವ ಮರಗಳನ್ನು ಕೊಟ್ಟನು. ಪೂಜೆಯ ವೆಚ್ಚ ಎಲ್ಲಿಂದ ಬರುತ್ತದೆಂಬುದು ಊರಿನವರೆಲ್ಲರ ಕಣ್ಣೆದುರೇ ನಿಂತಿತ್ತು.

ಎರಡು ಸಾವಿರ ಮರಗಳ ಶಕ್ತಿ ಇಂದು ಎಲ್ಲರಿಗೂ ಇರಲಾರದು. ಮಂದಿರದ ಅಂಗಳದಲ್ಲಿ ಎರಡು ಪಾರಿಜಾತ, ಒಂದು ಸಂಪಿಗೆ, ನಾಲ್ಕು ಗಣಗಲು ಗಿಡಗಳಿದ್ದರೆ ನಿತ್ಯಪೂಜೆ ನಡೆಯುತ್ತದೆ. ಪಾರಿಜಾತವು ರಾತ್ರಿ ಅರಳಿ ಬೆಳಗಿನ ಜಾವ ತಾನೇ ಉದುರುತ್ತದೆ. ಗಿಡದ ಕೆಳಗೆ ಒಗೆದ ಪಂಚೆ ಹಾಸಿಟ್ಟರೆ ಗಿಡವನ್ನು ಮುಟ್ಟುವ ಪ್ರಸಂಗವೇ ಇಲ್ಲ. ಮಾರುಕಟ್ಟೆಯ ಮಲ್ಲಿಗೆಯನ್ನು ಕತ್ತಲೆಯಲ್ಲಿ ತಲೆಗೆ ದೀಪ ಕಟ್ಟಿಕೊಂಡು ಬಿಡಿಸುತ್ತಾರೆ, ಕೈಕೆಳಗೆ ಏನಿದೆಯೆಂದು ಕಾಣುವುದಿಲ್ಲ. ಮಂದಿರದ ಹೂವನ್ನು ಸೂರ್ಯೋದಯವಾದ ಮೇಲೆ, ಕಣ್ಣಿಗೆ ಎಸಳಿನ ಒಳಗು ಕಂಡ ಮೇಲೆ ತೆಗೆದುಕೊಂಡರೆ ಸಾಕು. ಇರುವೆಯಿದ್ದರೆ ಅದು ಇಳಿದುಹೋಗುವವರೆಗೆ ಕಾಯಬೇಕು. ಅಷ್ಟು ಹೊತ್ತಿಗೆ ಪೂಜೆ ತಡವಾದರೆ ತಡವಾಗಲಿ.

ನಿರ್ಮಾಲ್ಯದ ಹೂವನ್ನು ಸ್ವಂತಕ್ಕೆ ಬಳಸುವಂತಿಲ್ಲವೆಂಬ ನಿಯಮ ಇರುವುದರಿಂದ ಅದರಿಂದಾದ ಗೊಬ್ಬರವನ್ನು ಮಾರುವುದಾಗಲಿ ಮನೆಯ ಕುಂಡಗಳಿಗೆ ಒಯ್ಯುವುದಾಗಲಿ ಸಲ್ಲದು. ಮಂದಿರದ ಗಿಡಗಳ ಬುಡಕ್ಕೇ ಅದು ಹೋಗಬೇಕು. ಅಂಗಳದ ಮೂಲೆಯಲ್ಲಿ ನೆರಳಿರುವ ಕಡೆ ಒಂದು ಗುಂಡಿ ತೆಗೆದು, ಪದರ ಪದರವಾಗಿ ಒಣ ಎಲೆ, ಮಣ್ಣು ಹಾಕುತ್ತ ಬಂದರೆ ಕೆಲವು ತಿಂಗಳಲ್ಲಿ ಅದು ಮಣ್ಣಾಗುತ್ತದೆ. ಬಾಳೆಯ ನಾರಿನಲ್ಲಿ ಕಟ್ಟಿದ ಮಾಲೆಯಾದರೆ ಹಾಗೆಯೇ ಹಾಕಬಹುದು. ನೈಲಾನ್ ದಾರದಲ್ಲಿ ಕಟ್ಟಿದ್ದಾದರೆ ಯಾರಾದರೂ ಕುಳಿತು ಒಂದೊಂದಾಗಿ ಬಿಡಿಸಬೇಕು. ಮಕ್ಕಳಿಗೆ ಈ ಕೆಲಸವನ್ನು ವಹಿಸುವ ಮಂದಿರಗಳಲ್ಲಿ, ಮುಂದಿನ ಸಲ ಬಾಳೆನಾರನ್ನೇ ತರಿಸಿರೆಂದು ಹಿರಿಯರಿಗೆ ಹೇಳುವವರು ಆ ಮಕ್ಕಳೇ.